ಉತ್ತರೆಯನ್ನು ಯಾರೂ ಕೇಳಲಿಲ್ಲ

ಕಳೆದ ತಿಂಗಳ ನಮ್ಮ ಓದುಕೂಟದಲ್ಲಿ ಮೂರು ಪುಸ್ತಕಗಳ ಬಗ್ಗೆ ಮಾತಾಡಲು ಒಪ್ಪಿಕೊಂಡಿದ್ದೆ. ಒಂದೂವರೆ ಪುಸ್ತಕಕ್ಕೇ ಸಮಯ ಮುಗಿದು, ಉಳಿದದ್ದನ್ನು ಬರೆದು ಕಳಿಸುತ್ತೇನೆಂದು ಮಾತು ಕೊಟ್ಟು ಕೂತೆ. ಬಿಸಿಬೇಳೆಭಾತು ಆರಿ ಹೋಗುತ್ತಿದ್ದದ್ದೂ ಒಂದು ಕಾರಣ ಎನ್ನಿ. ಊಟದ ಹೊತ್ತಿಗೆ ಹಿರಿಯರೊಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು: "ಎಲ್ಲ ಸರಿಯಮ್ಮ, ಆದರೆ ಪಾದರಸ, ಡಿಡಿಟಿ, ಎಂಡೋಸಲ್ಫಾನ್ ಇವೆಲ್ಲ ಸಾಹಿತ್ಯದ ಕೂಟಕ್ಕೆ ಬರಬೇಕಾದ ವಿಷಯಗಳೇ? ಅದನ್ನೆಲ್ಲ ಡಾಕ್ಟರುಗಳು ನೋಡಿಕೊಳ್ಳುತ್ತಾರಲ್ಲ?" ಅವರು ಕುಹಕಕ್ಕೆ ಕೇಳಿದ್ದಲ್ಲ. ಹಾಗಾಗಿ ನಾನೂ ಉಪ್ಪಿನಕಾಯಿ ಬಡಿಸಿಕೊಂಡು ಸುಮ್ಮನಾದೆ. ಮನೆಗೆ ಬಂದ ಮೇಲೆ ಹೇಳಬೇಕಾಗಿದ್ದ ಉತ್ತರ ಹೊಳೆಯಿತು. ಅದು ಹೀಗಿದೆ.

ಡಾಕ್ಟರುಗಳು ನೋಡಿಕೊಂಡ ಎರಡು ಸಂಗತಿಗಳಿಂದಲೇ ಶುರು ಮಾಡುತ್ತೇನೆ. 1961ರಲ್ಲಿ ಜಪಾನಿನ ಮಿನಮಾತಾ ಎಂಬ ಕಡಲತೀರದ ಊರಿಗೆ ಹರದಾ ಮಸಝುಮಿ ಎಂಬ ಯುವ ವೈದ್ಯರು ಹೋಗಿದ್ದರು. ಒಂದು ಮನೆಯ ಜಗುಲಿಯಲ್ಲಿ ಅಣ್ಣ ತಮ್ಮ ಇಬ್ಬರು ಹುಡುಗರು. ಇಬ್ಬರಿಗೂ ಕೈಕಾಲು ಸ್ವಾಧೀನದಲ್ಲಿಲ್ಲ, ಇಬ್ಬರ ಲಕ್ಷಣವೂ ಒಂದೇ. ಅಣ್ಣನದು ಮಿನಮಾತಾ ಕಾಯಿಲೆ. ಅಂದರೆ ಚಿಸ್ಸೋ ಕಂಪನಿಯ ಕಾರ್ಖಾನೆ ಕೊಲ್ಲಿಗೆ ಬಿಟ್ಟ ಪಾದರಸ ಮೀನಿನೊಳಗೆ ಸೇರಿ, ಮೀನು ತಿಂದವರ ನರಕ್ಕೆ ಏರಿದ ಕಾಯಿಲೆ. ತಮ್ಮನದು ಮಾತ್ರ ಹುಟ್ಟಿನಿಂದ ಬಂದ ಮೆದುಳಿನ ಊನ ಎಂದು ಡಾಕ್ಟರುಗಳು ಬರೆದುಕೊಟ್ಟಿದ್ದರು. ಯಾಕೆಂದರೆ ಅವನು ಮೀನು ತಿಂದೇ ಇರಲಿಲ್ಲ. ತಾಯಿ ಒಪ್ಪಲಿಲ್ಲ. ಇವನು ಹೊಟ್ಟೆಯಲ್ಲಿದ್ದಾಗ ಮೀನು ತಿಂದದ್ದು ನಾನು, ನಾನು ತಿಂದ ವಿಷ ಇವನಿಗೆ ಹೋಯಿತು ಎಂದು ಆಕೆಯ ವಾದ. ಆ ಕಾಲದ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಜಾಗವಿರಲಿಲ್ಲ. ಮಾಸು ಎನ್ನುವುದು ಕೋಟೆಗೋಡೆ, ತಾಯಿಗೆ ಹೋದ ವಿಷ ಅದನ್ನು ದಾಟಿ ಮಗುವಿಗೆ ಹೋಗುವುದಿಲ್ಲ ಎಂದೇ ನಂಬಿಕೆ. ಹರದಾ ಆಕೆಯ ಮಾತನ್ನು ತಳ್ಳಿಹಾಕಲಿಲ್ಲ. ಮುಂದಿನ ವರ್ಷ ಆಕೆ ಹೇಳಿದ್ದೇ ಸರಿಯಾಯಿತು. ಕೋಟೆ ಎಂದು ನಂಬಿದ್ದ ಮಾಸು ಆ ಪಾದರಸವನ್ನು ತಡೆಯುವುದಿರಲಿ, ಎಳೆದು ಮಗುವಿಗೆ ಕೊಡುತ್ತದೆ. ಮಗುವಿನ ರಕ್ತದಲ್ಲಿ ತಾಯಿಯ ರಕ್ತಕ್ಕಿಂತ ಹೆಚ್ಚು ಪಾದರಸ ಇರುತ್ತದೆ.

ಹರದಾ ಆಮೇಲೆ ಮನೆಮನೆ ತಿರುಗಿ ಒಣಗಿದ ಹೊಕ್ಕುಳಬಳ್ಳಿಗಳನ್ನು ಕೇಳಿ ತಂದರು. ಮಗುವಿನ ಹೊಕ್ಕುಳಬಳ್ಳಿಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಡುವುದು ಜಪಾನಿನ ಪದ್ಧತಿ. (ನಮ್ಮ ಕಡೆ ಬೆಳ್ಳಿ ತಾಯಿತದಲ್ಲಿ ಹಾಕಿ ಮಗುವಿನ ಸೊಂಟಕ್ಕೆ ಕಟ್ಟುತ್ತಿದ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.) ತಾಯಂದಿರು ಪ್ರೀತಿಗೆಂದು ಎತ್ತಿಟ್ಟದ್ದು ಪ್ರಯೋಗಶಾಲೆಯಲ್ಲಿ ಸಾಕ್ಷಿಯಾಯಿತು.

ಎರಡನೆಯದು ಇದೇ ನಮ್ಮ ಅಮೆರಿಕದ್ದು. ಗರ್ಭಪಾತವಾಗದಿರಲಿ ಎಂದು 1940ರ ದಶಕದಿಂದ ಲಕ್ಷಾಂತರ ಬಸುರಿಯರಿಗೆ ಡಿಇಎಸ್ ಎಂಬ ಕೃತಕ ಹಾರ್ಮೋನು ಕೊಟ್ಟರು. ಅದರಿಂದ ಉಪಯೋಗವಿಲ್ಲ ಎಂದು 1953ರಲ್ಲೇ ಶಿಕಾಗೋದ ಪರೀಕ್ಷೆಯೊಂದು ತೋರಿಸಿತ್ತು. ಕೊಡುವುದು ನಿಲ್ಲಲಿಲ್ಲ. 1960ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ವೈದ್ಯರ ಹತ್ತಿರ ಹದಿಹರೆಯದ ಹುಡುಗಿಯರು ಯೋನಿಯ ಕ್ಯಾನ್ಸರಿನಿಂದ ಬರತೊಡಗಿದರು. ಆ ವಯಸ್ಸಿಗೆ ಬರಲೇಬಾರದ ಕಾಯಿಲೆ. ಅದರ ಮೂಲವನ್ನು ಮೊದಲು ಊಹಿಸಿದ್ದು ಯಾವ ಪ್ರೊಫೆಸರೂ ಅಲ್ಲ. ಒಬ್ಬ ಹುಡುಗಿಯ ತಾಯಿ, ಬಸುರಿಯಾಗಿದ್ದಾಗ ನಾನು ತೆಗೆದುಕೊಂಡ ಆ ಮಾತ್ರೆ ಇದಕ್ಕೆ ಕಾರಣವಿರಬಹುದೇ ಎಂದು ಡಾಕ್ಟರನ್ನು ಕೇಳಿದಳು. 1971ರ ಏಪ್ರಿಲಿನಲ್ಲಿ ಪ್ರಕಟವಾದ ವರದಿಯಲ್ಲಿ ಎಂಟು ಮಂದಿ ರೋಗಿಗಳಿದ್ದರು. ಅವರಲ್ಲಿ ಏಳು ಮಂದಿಯ ತಾಯಂದಿರು ಡಿಇಎಸ್ ತೆಗೆದುಕೊಂಡವರು.

ಎರಡು ಕಡೆಯೂ ತಾಯಿ ಮೊದಲು ಹೇಳಿದಳು, ಶಾಸ್ತ್ರ ಆಮೇಲೆ ಬಂತು. ಹಿರಿಯರಿಗೆ ನನ್ನ ಉತ್ತರ ಇದೇ. ಯಾರ ಮಾತನ್ನು ಮಾತೆಂದು ಎಣಿಸಬೇಕು, ಯಾರ ಮಾತನ್ನು ಬರೀ ಗೋಳೆಂದು ಬಿಡಬೇಕು ಎನ್ನುವುದು ಸಾಹಿತ್ಯದ ಪ್ರಶ್ನೆಯಲ್ಲದೆ ಇನ್ನೇನು?

ನಮ್ಮ ಭಾರತದ ಕಥೆಯಲ್ಲಿ ಇದರ ಚಿತ್ರ ಆಗಲೇ ಇದೆ. ಯುದ್ಧ ಮುಗಿದ ಮೇಲೆ ಅಶ್ವತ್ಥಾಮ ಅಸ್ತ್ರ ಬಿಡುತ್ತಾನೆ. ಅದು ಹೋಗಿ ಬೀಳುವುದು ಉತ್ತರೆಯ ಗರ್ಭದಲ್ಲಿ. ಯುದ್ಧಕ್ಕೂ ಅವಳಿಗೂ ಏನು ಸಂಬಂಧ? ಅಸ್ತ್ರ ಬಿಟ್ಟವನಿಗೆ ಶಾಪ ಸಿಕ್ಕಿತು, ಮಗು ಪರೀಕ್ಷಿತನಿಗೆ ಕೃಷ್ಣನಿಂದ ಜೀವ ಸಿಕ್ಕಿತು. ಉತ್ತರೆ ಅಳುತ್ತಾಳೆ, ಬೇಡಿಕೊಳ್ಳುತ್ತಾಳೆ, ಅಷ್ಟೇ. ನಿನ್ನೊಳಗೆ ಏನಾಯಿತು ಎಂದು ಅವಳನ್ನು ಯಾರೂ ಕೇಳುವುದಿಲ್ಲ. ತಲೆಮಾರಿನಿಂದ ತಲೆಮಾರಿಗೆ ಇಳಿಯುವ ವಿಷದ ಬಗ್ಗೆ ಬರೆದ ಯಾವ ಪುಸ್ತಕವನ್ನು ತೆರೆದರೂ ನಾನು ಎರಡು ವಿಷಯ ನೋಡುತ್ತೇನೆ. ಅಸ್ತ್ರ ಬಿಟ್ಟವನ ಹೆಸರು ಹೇಳಿದ್ದಾರೆಯೇ? ಉತ್ತರೆಗೆ ಮಾತು ಕೊಟ್ಟಿದ್ದಾರೆಯೇ? ಮೊದಲನೆಯದನ್ನು ಬಹಳ ಮಂದಿ ಮಾಡುತ್ತಾರೆ. ಎರಡನೆಯದು ಕಷ್ಟ.

ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡಿದವರು ಇಶಿಮುರೆ ಮಿಚಿಕೋ. 1927ರಲ್ಲಿ ಹುಟ್ಟಿ 2018ರಲ್ಲಿ ತೀರಿಕೊಂಡ ಈಕೆ ಮಿನಮಾತಾದಲ್ಲೇ ಬೆಳೆದವರು, ಸಾಮಾನ್ಯ ಗೃಹಿಣಿ. ಊರಿನ ರೋಗಿಗಳನ್ನು ನೋಡಲು ಹೋಗಿ ಹೋಗಿ ಬರೆದ 'ಕುಗಾಯ್ ಜೋದೊ' 1969ರಲ್ಲಿ ಬಂತು. ಹೆಸರಿನ ಅರ್ಥ ಸುಮಾರಾಗಿ ದುಃಖದ ಕಡಲು, ಪುಣ್ಯದ ಲೋಕ. ಲಿವಿಯಾ ಮೊನೆ ಅವರ ಇಂಗ್ಲಿಷ್ ಅನುವಾದ 1990ರದು. ಅದರಲ್ಲಿ ಯುಕಿ ಎಂಬ ಬೆಸ್ತರ ಹೆಂಗಸು ಆಸ್ಪತ್ರೆಯ ಹಾಸಿಗೆಯಿಂದ ಮಾತಾಡುವ ಅಧ್ಯಾಯವೊಂದಿದೆ. ಕೈ ನಡುಗುತ್ತದೆ, ನಾಲಿಗೆ ತೊದಲುತ್ತದೆ. ಆದರೂ ಆಕೆ ಮಾತಾಡುವುದು ಹೆಚ್ಚಾಗಿ ಕಡಲಿನ ಬಗ್ಗೆ: ಗಂಡನ ಜೊತೆ ದೋಣಿಯಲ್ಲಿ ಹೋಗುತ್ತಿದ್ದದ್ದು, ಯಾವ ಕಾಲಕ್ಕೆ ಕಡಲೊಳಗೆ ಏನು ಬೆಳೆಯುತ್ತಿತ್ತು ಎನ್ನುವುದು. ನಡುವೆ ಒಂದು ಕಡೆ, ಕಾಯಿಲೆಯ ಕಾರಣಕ್ಕೆ ಡಾಕ್ಟರುಗಳು ತನ್ನ ಬಸಿರನ್ನು ತೆಗೆಸಿದ ಸಂಗತಿ ಬರುತ್ತದೆ. ಆ ದಿನ ಊಟದ ತಟ್ಟೆಯಲ್ಲಿ ಬಂದ ಮೀನನ್ನು ನೋಡಿ ಆಕೆಗೆ ಅದು ತನ್ನ ಮಗುವೇ ಅನಿಸಿಬಿಡುತ್ತದೆ. ನಾನು ಅಲ್ಲಿ ಪುಸ್ತಕ ಮುಚ್ಚಿ ಎದ್ದುಹೋದೆ. ಎರಡು ದಿನ ಮತ್ತೆ ಮುಟ್ಟಲಿಲ್ಲ. ಕಡಲು, ಮೀನು, ತಾಯಿ, ಮಗು ಇವೆಲ್ಲ ಒಂದೇ ಸರಪಳಿ ಎಂದು ವಿಜ್ಞಾನದ ಪುಸ್ತಕ ನಕ್ಷೆ ಬರೆದು ಹೇಳುತ್ತದೆ. ಇಲ್ಲಿ ಆ ಸರಪಳಿ ಒಂದು ಊಟದ ತಟ್ಟೆಯ ಮೇಲಿದೆ.

ಬಹುಕಾಲ ಓದುಗರು ಇದನ್ನು ರೋಗಿಗಳ ಮಾತನ್ನು ಕೇಳಿ ಬರೆದುಕೊಂಡ ವರದಿ ಎಂದೇ ನಂಬಿದ್ದರು. ನಿಜದಲ್ಲಿ ಆ ದೀರ್ಘ ಮಾತುಗಳಲ್ಲಿ ಹೆಚ್ಚಿನವು ಇಶಿಮುರೆಯೇ ಕಟ್ಟಿದವು. ಆ ಜನ ಮನಸ್ಸಿನೊಳಗೆ ಆಡಿಕೊಂಡದ್ದನ್ನು ಬರೆದರೆ ಹೀಗಾಗುತ್ತದೆ ಎನ್ನುವುದು ಅವರ ಸಮಜಾಯಿಷಿ. 1970ರಲ್ಲಿ ವರದಿ ಸಾಹಿತ್ಯಕ್ಕೆಂದು ಬಂದ ದೊಡ್ಡ ಪ್ರಶಸ್ತಿಯನ್ನು ಅವರು ತೆಗೆದುಕೊಳ್ಳಲಿಲ್ಲ. ನನಗೆ ಮೊದಲು ಇದು ಮುಜುಗರ ತಂದಿತು. ಉತ್ತರೆಗೆ ಮಾತು ಕೊಡುವುದೆಂದರೆ ಅವಳ ಬಾಯಿಗೆ ನಮ್ಮ ಮಾತು ತುರುಕುವುದೇ? ಎರಡನೆಯ ಸಲ ಓದಿದಾಗ ಆ ಮುಜುಗರ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಕಡಿಮೆಯಾದದ್ದಕ್ಕೆ ಕಾರಣ ಭಾಷೆ. ಇಶಿಮುರೆ ಬರೆದದ್ದು ಟೋಕಿಯೋದ ಜಪಾನಿಯಲ್ಲಲ್ಲ, ಆ ತೀರದ ಆಡುಮಾತಿನಲ್ಲಿ. ಇಂಗ್ಲಿಷಿನಲ್ಲಿ ಅದು ಎಷ್ಟೋ ಸೋರಿಹೋಗಿದೆ ಎಂದು ಓದುವಾಗಲೇ ಗೊತ್ತಾಗುತ್ತದೆ. ಯಾರಾದರೂ ಕನ್ನಡಕ್ಕೆ ತಂದರೆ ಗ್ರಾಂಥಿಕ ಕನ್ನಡಕ್ಕೆ ಅಲ್ಲ, ಮಲ್ಪೆಯ ಮೊಗವೀರ ಹೆಂಗಸೊಬ್ಬಳು ಕನ್ನಡ ಆಡಿದರೆ ಹೇಗಿರುತ್ತದೋ ಆ ಕನ್ನಡಕ್ಕೆ ತರಬೇಕು. ನಮ್ಮ ಗುಂಪಿನಲ್ಲಿ ಉಡುಪಿಯವರು ಮೂವರಿದ್ದೀರಿ, ಯೋಚಿಸಿ ನೋಡಿ.

ಇದರ ಪಕ್ಕದಲ್ಲಿ ಒಂದು ಛಾಯಾಚಿತ್ರ ನೆನಪಿಗೆ ಬರುತ್ತದೆ. 1971ರಲ್ಲಿ ಯೂಜಿನ್ ಸ್ಮಿತ್ ಮಿನಮಾತಾದಲ್ಲಿ ತೆಗೆದದ್ದು. ಸ್ನಾನದ ತೊಟ್ಟಿಯಲ್ಲಿ ತಾಯಿ ತನ್ನ ಬೆಳೆದ ಮಗಳನ್ನು ತೋಳಲ್ಲಿ ಹಿಡಿದುಕೊಂಡಿದ್ದಾಳೆ. ಲೋಕವೆಲ್ಲ ಅದನ್ನು ನೋಡಿ ಕಣ್ಣೀರಿಟ್ಟಿತು. ಆ ತಾಯಿ ಮಗಳನ್ನು ತನ್ನ ನಿಧಿ ಎಂದು ಕರೆಯುತ್ತಿದ್ದಳು. ನನ್ನೊಳಗಿದ್ದ ಪಾದರಸವನ್ನೆಲ್ಲ ಇವಳೇ ಹೀರಿಕೊಂಡಳು, ಅದಕ್ಕೇ ನಾನೂ ಇವಳ ಹಿಂದೆ ಹುಟ್ಟಿದವರೂ ಉಳಿದೆವು ಎಂದು. ಮಗಳು 1977ರಲ್ಲಿ ಹೋದಳು. ಆಕೆಯನ್ನು ಇನ್ನು ವಿಶ್ರಾಂತಿಯಾಗಿರಲು ಬಿಡಿ ಎನ್ನುವ ಮನೆಯವರ ಆಸೆಯಂತೆ, 1998ರಲ್ಲಿ ಸ್ಮಿತ್ ಅವರ ಹೆಂಡತಿಯಾಗಿದ್ದ ಐಲೀನ್ ಆ ಚಿತ್ರವನ್ನು ಹೊಸದಾಗಿ ಅಚ್ಚಿಗೆ ಕೊಡುವುದಿಲ್ಲ ಎಂದು ತೀರ್ಮಾನಿಸಿದರು. ಚಿತ್ರ ದೊಡ್ಡದೇ. ಆದರೆ ಚಿತ್ರದಲ್ಲಿ ತಾಯಿ ಮೂಕಿ. ಅವಳ ಲೆಕ್ಕಾಚಾರ, ಆ ಭಯಂಕರ ಕೃತಜ್ಞತೆ, ಚಿತ್ರದ ಹೊರಗೇ ಉಳಿಯಿತು.

ಈಗ ಎರಡನೆಯ ಪುಸ್ತಕ. ಇದರ ಬಗ್ಗೆ ನಾನು ಸ್ವಲ್ಪ ಪಕ್ಷಪಾತಿ, ಮೊದಲೇ ಹೇಳಿಬಿಡುತ್ತೇನೆ. ಸಾಂಡ್ರಾ ಸ್ಟೈನ್‌ಗ್ರೇಬರ್ ಅವರ 'ಹ್ಯಾವಿಂಗ್ ಫೇತ್' 2001ರಲ್ಲಿ ಬಂತು. ಈಕೆ ಇಲಿನಾಯ್ ಸೀಮೆಯಲ್ಲಿ ಬೆಳೆದ ಜೀವಶಾಸ್ತ್ರಜ್ಞೆ, ಇಪ್ಪತ್ತನೆಯ ವಯಸ್ಸಿಗೇ ಮೂತ್ರಕೋಶದ ಕ್ಯಾನ್ಸರ್ ಕಂಡವರು. ಬಸುರಿಯಾದಾಗ ತನ್ನ ದೇಹವನ್ನೇ ಒಂದು ಕೆರೆ, ಒಂದು ಹೊಲ ಎನ್ನುವಂತೆ ನೋಡಿ ಬರೆದ ಪುಸ್ತಕ ಇದು. ಫೇತ್ ಎನ್ನುವುದು ಮಗಳ ಹೆಸರೂ ಹೌದು, ನಂಬಿಕೆಯೂ ಹೌದು. ಒಂದೊಂದು ತಿಂಗಳಿಗೆ ಒಂದೊಂದು ಹುಣ್ಣಿಮೆಯ ಹೆಸರು. ಗರ್ಭದ ನೀರು ಎಲ್ಲಿಂದ ಬಂತು ಎಂದು ಹಿಂದಕ್ಕೆ ಹೋಗುತ್ತ ಹೋಗುತ್ತ ಕುಡಿದ ನೀರಿಗೆ, ನದಿಗೆ, ಮಳೆಗೆ ಮುಟ್ಟುವ ಪುಟಗಳು ಬಹಳ ಸೊಗಸು.

ನನ್ನ ಅಳತೆಗೋಲಿನಲ್ಲಿ ಈ ಪುಸ್ತಕದ ಜಾಗ ವಿಚಿತ್ರವಾದದ್ದು. ಇಲ್ಲಿ ಉತ್ತರೆಯೇ ವೈದ್ಯೆ, ಉತ್ತರೆಯೇ ವ್ಯಾಸ. ಹಾಗಾಗಿ ಬೇರೆಯವರಿಗೆ ಹೊಳೆಯದ ಪ್ರಶ್ನೆ ಆಕೆಗೆ ಹೊಳೆಯುತ್ತದೆ. ಬಸುರಿಯರ ಕೈಪಿಡಿಗಳು ಮದ್ಯ ಬೇಡ, ಅದು ಬೇಡ, ಇದು ಬೇಡ, ಅನುಮಾನವಿದ್ದರೆ ಬಿಟ್ಟುಬಿಡು ಎನ್ನುತ್ತವೆ. ಅದೇ ಅನುಮಾನದ ನಿಯಮ ಕಾರ್ಖಾನೆಗೆ, ಕೀಟನಾಶಕಕ್ಕೆ ಯಾಕಿಲ್ಲ? ಮೀನಿನಲ್ಲಿ ಪಾದರಸವಿದೆ ಎಂದು ತಾಯಿಗೆ ಎಚ್ಚರಿಕೆ ಹೇಳುವವರು, ಅಲ್ಲಿಗೆ ಅದನ್ನು ಹಾಕಿದವರಿಗೆ ಯಾಕೆ ಹೇಳುವುದಿಲ್ಲ? ಪುಸ್ತಕದ ಎರಡನೆಯ ಭಾಗ ಎದೆಹಾಲಿನ ಬಗ್ಗೆ. ಕೊಬ್ಬಿನಲ್ಲಿ ಕೂತ ವಿಷ ಹಾಲಿನ ಮೂಲಕ ಇಳಿಯುವುದರಿಂದ ಮೊಲೆ ಕುಡಿಯುವ ಮಗು ಆಹಾರದ ಸರಪಳಿಯಲ್ಲಿ ತಾಯಿಗಿಂತ ಒಂದು ಮೆಟ್ಟಿಲು ಮೇಲಿದೆ. ಇದನ್ನು ಹೇಳಿಯೂ, ಹಾಲು ಕೊಡಿ, ಹಾಲು ಕೆಡಿಸುವವರನ್ನು ಹಿಡಿಯಿರಿ ಎನ್ನುವ ನಿಲುವನ್ನು ಆಕೆ ಬಿಡುವುದಿಲ್ಲ. 1999ರಲ್ಲಿ ಜಿನೀವಾದಲ್ಲಿ ವಿಷವಸ್ತುಗಳ ಒಪ್ಪಂದದ ಮಾತುಕತೆ ನಡೆಯುವಾಗ ತನ್ನ ಎದೆಹಾಲಿನ ಪುಟ್ಟ ಜಾಡಿಯೊಂದನ್ನು ಪ್ರತಿನಿಧಿಗಳ ಕೈಯಿಂದ ಕೈಗೆ ದಾಟಿಸಿದ ಹೆಂಗಸು ಆಕೆ.

ದೋಷ ಇಲ್ಲವೆ? ಇದೆ. ಪ್ರತಿ ಅಧ್ಯಾಯಕ್ಕೂ ಒಂದೇ ನಡಿಗೆ: ಮನೆಯ ಒಂದು ಚಿತ್ರ, ಅಲ್ಲಿಂದ ಗ್ರಂಥಾಲಯ, ಅಲ್ಲೊಂದು ಎದೆ ಝಲ್ಲೆನಿಸುವ ಸಂಗತಿ, ಮತ್ತೆ ಮನೆ. ಆರನೆಯ ತಿಂಗಳ ಹೊತ್ತಿಗೆ ಓದುಗನಿಗೆ ದಾರಿ ಬಾಯಿಪಾಠವಾಗಿರುತ್ತದೆ. ಇನ್ನೊಂದು ಇದಕ್ಕಿಂತ ದೊಡ್ಡದು. ಇಷ್ಟು ಓದಿಕೊಂಡ, ಇಷ್ಟು ಚೆನ್ನಾಗಿ ಮಾತಾಡುವ ಉತ್ತರೆಗೆ ಕಿವಿಗೊಡುವುದು ಸುಲಭ. ಮಿನಮಾತಾದ ಜಗುಲಿಯ ತಾಯಿಗೆ ಮಾಸಿನ ಶಾಸ್ತ್ರ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಬೇರೆ ಬಗೆಯ ತಿಳಿವಳಿಕೆ. ಅದಕ್ಕೆ ಈ ಪುಸ್ತಕದಲ್ಲಿ ಜಾಗ ಕಡಿಮೆ.

ಮೂರನೆಯದು ನಮ್ಮ ನೆಲದ್ದು. ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳ ಕಾದಂಬರಿ 'ಎಣ್ಮಕಜೆ', 2009ರದು. ಜೆ. ದೇವಿಕಾ ಅವರು 2017ರಲ್ಲಿ 'ಸ್ವರ್ಗ' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ತಂದರು. ಎಣ್ಮಕಜೆ, ಪಡ್ರೆ, ಸ್ವರ್ಗ ಇವೆಲ್ಲ ಕಾಸರಗೋಡಿನ ಊರುಗಳು. ತುಳು ಕನ್ನಡ ಮನೆಮಾತಾಗಿರುವ ಜಾಗ. ಅಲ್ಲಿನ ಗುಡ್ಡಗಳ ಸರ್ಕಾರಿ ಗೇರುತೋಟದ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಕೆಳಗೆ ಮನೆ, ಬಾವಿ, ತೋಡು. ಕರುಗಳು ಸೊಟ್ಟ ಕಾಲಿನಿಂದ ಹುಟ್ಟುವುದನ್ನು ಕಂಡು ಮೊದಮೊದಲಿಗೆ ಬರೆದವರು ನಮ್ಮ ಶ್ರೀಪಡ್ರೆ. ಕೃಷಿ ಇಲಾಖೆಯ ನೌಕರೆಯಾಗಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಕೋರ್ಟಿಗೆ ಹೋದರು. ಗಡಿಯ ಈಚೆ, ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಲೂ ಇದೇ ಕಥೆ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಎಂಡೋಸಲ್ಫಾನ್ ಸೇರಿತು. ಎದೆಹಾಲಿನ ಜಾಡಿ ಕೈಬದಲಾದ ಆ ಮಾತುಕತೆಯಿಂದ ಹುಟ್ಟಿದ ಒಪ್ಪಂದವೇ ಅದು. ಮೇ 13ರಂದು ಸುಪ್ರೀಂ ಕೋರ್ಟಿನ ತಡೆಯೂ ಬಂತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಿ ಎಂದು ಕೋರ್ಟು ಕೇರಳ ಸರ್ಕಾರಕ್ಕೆ ಹೇಳಿದ್ದು 2017ರಲ್ಲಿ.

ಕಾದಂಬರಿ ಶುರುವಾಗುವುದು ಊರಿನ ಗೊಡವೆ ಬಿಟ್ಟು ಕಾಡಿನಲ್ಲಿರುವ ಜೋಡಿಯಿಂದ. ಅವರಿಗೆ ಮೊದಲು ಹೆಸರೂ ಇಲ್ಲ, ಬರೀ ಗಂಡಸು, ಹೆಂಗಸು. ಆಮೇಲೆ ನೀಲಕಂಠನ್, ದೇವಯಾನಿ ಎಂದು ತಿಳಿಯುತ್ತದೆ. ದೇವಯಾನಿ ಮೈಯೆಲ್ಲ ಹುಣ್ಣಾದ ಮಗುವೊಂದನ್ನು ಎತ್ತಿಕೊಂಡು ಬರುತ್ತಾಳೆ. ಆ ಮಗುವಿನ ಹೆಸರು ಪರೀಕ್ಷಿತ್. ಗರ್ಭದಲ್ಲೇ ಅಸ್ತ್ರ ತಗುಲಿದವನು, ಬೆಳೆದ ಮೇಲೆ ತಕ್ಷಕನ ವಿಷಕ್ಕೆ ಸತ್ತವನು. ಮಾಂಗಾಡರು ಇದನ್ನು ಎತ್ತಿ ತೋರಿಸುವುದಿಲ್ಲ, ಹೆಸರಿಟ್ಟು ಸುಮ್ಮನಾಗುತ್ತಾರೆ. ಕಾದಂಬರಿಯ ಮೊದಲ ಅರ್ಧ ನನ್ನನ್ನು ಹಿಡಿದದ್ದು ಇಂಥ ಸಂಯಮದಿಂದ. ಸ್ವರ್ಗ ಎಂಬ ಊರಿನಲ್ಲೇ ಇದೆಲ್ಲ ಆಯಿತು ಎನ್ನುವ ವ್ಯಂಗ್ಯವನ್ನು ಯಾವ ಕಾದಂಬರಿಕಾರನೂ ಕಲ್ಪಿಸಬೇಕಾಗಿರಲಿಲ್ಲ.

ಎರಡನೆಯ ಅರ್ಧ ಹೋರಾಟದ ಕಥೆ. ಅಸ್ತ್ರ ಬಿಟ್ಟವರ ಹೆಸರು ಇಲ್ಲಿ ಚೆನ್ನಾಗಿಯೇ ಕೇಳುತ್ತದೆ, ಭಾಷಣವೂ ಕೇಳುತ್ತದೆ. ಸಿಟ್ಟು ನ್ಯಾಯವಾದದ್ದು, ಆ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಊರಿನ ತಾಯಂದಿರ ಬಗ್ಗೆ. ಮನೆಯಿಂದ ಮನೆಗೆ ಹೋಗುತ್ತೇವೆ, ಒಂದು ಮಗುವಿನಿಂದ ಇನ್ನೊಂದು ಮಗುವಿಗೆ. ಪ್ರತಿ ಬಾಗಿಲಲ್ಲೂ ಒಬ್ಬ ತಾಯಿ ನಿಂತಿದ್ದಾಳೆ. ಅವಳ ಕಣ್ಣೀರು ಕಾಣುತ್ತದೆ, ಅವಳ ಲೆಕ್ಕ ಕೇಳುವುದಿಲ್ಲ. ಯಾವ ವರ್ಷ ಯಾವ ಬಸಿರು ಇಳಿಯಿತು, ಹೆಲಿಕಾಪ್ಟರ್ ಬಂದ ವಾರ ಬಾವಿಯ ನೀರು ಹೇಗಿತ್ತು, ಗಂಡನ ಮನೆಯವರು ಯಾರ ಜಾತಕ ದೂರಿದರು, ಯಾವ ದೈವಕ್ಕೆ ಹರಕೆ ಹೇಳಿದರು? ಇದನ್ನೆಲ್ಲ ಹೇಳಬಲ್ಲವಳು ಅವಳೊಬ್ಬಳೇ. ಒಂದು ಮಗುವಿನ ಊನಕ್ಕೆ ಇಂಥದ್ದೇ ಕಾರಣ ಎಂದು ಪ್ರಯೋಗಶಾಲೆ ಹೇಳುವುದು ಕಷ್ಟ. ಕಾಸರಗೋಡಿನ ವಿಷಯದಲ್ಲಿ ವಿಜ್ಞಾನಿಗಳ ನಡುವೆಯೇ ಜಗಳ ನಡೆದಿದೆ. ಅಂಥ ಕಡೆ ತಾಯಿಯ ಲೆಕ್ಕ ಇನ್ನೂ ಬೆಲೆಯುಳ್ಳದ್ದು. ಕಾದಂಬರಿ ಅದರ ಹತ್ತಿರ ಹೋಗಿ ಪುರಾಣದ ಕಡೆಗೆ ತಿರುಗಿಬಿಡುತ್ತದೆ.

ಇಷ್ಟು ದೂರಿದ ಮೇಲೆ ಇದನ್ನೂ ಹೇಳಬೇಕು. ಕಾಸರಗೋಡು ಕನ್ನಡನಾಡು ಎಂದು ಈ ದೇಶದಲ್ಲಿ ಕೂತು ನಾವು ಎಷ್ಟು ರಾಜ್ಯೋತ್ಸವಗಳಲ್ಲಿ ಗಂಟಲು ಹರಿದುಕೊಂಡಿದ್ದೇವೆ? ಆ ನೆಲದ ನೀರಿಗೆ ಏನಾಯಿತು ಎಂದು ದೇಶವೆಲ್ಲ ಓದಿದ ಕಾದಂಬರಿ ಬಂದದ್ದು ಮಲಯಾಳದಲ್ಲಿ. ಮಾಂಗಾಡರನ್ನು ಟೀಕಿಸುವ ಮುಂಚೆ ನಾನು ಒಂದು ಸಲ ಬಾಯಿ ಮುಚ್ಚಿ ಕೂರಬೇಕಾಗಿತ್ತೇನೋ.

ಪುಸ್ತಕಗಳ ಮಾತು ಇಲ್ಲಿಗೆ ಮುಗಿಯಿತು. ಆದರೆ ನಾನು ಇವನ್ನು ಯಾಕೆ ಈಗ ಓದಿದೆ ಎನ್ನುವುದು ಬಾಕಿ ಇದೆ. ನನ್ನ ಮಗಳಿಗೆ ಏಳು ತಿಂಗಳು. ಸ್ಟೈನ್‌ಗ್ರೇಬರ್ ಪುಸ್ತಕ ಅವಳದೇ. ಒಂದು ರಾತ್ರಿ ಅದನ್ನು ಹೊಟ್ಟೆಯ ಮೇಲೆ ಬೋರಲು ಹಾಕಿಕೊಂಡು ಕೇಳಿದಳು, "ಅಮ್ಮಾ, ನಾನು ಹೊಟ್ಟೇಲಿದ್ದಾಗ ನೀನು ಏನೇನು ತಿಂತಿದ್ದೆ?" ಆ ಪ್ರಶ್ನೆಯಲ್ಲಿ ಆರೋಪವಿರಲಿಲ್ಲ. ನನಗೆ ಮಾತ್ರ ಆರೋಪಿಯ ಕಟಕಟೆಯಲ್ಲಿ ನಿಂತ ಹಾಗಾಯಿತು. ಕೇಳಬೇಕಾದದ್ದು ಇನ್ನೂ ಹಿಂದಿನದು ಎಂದು ನನಗೆ ಗೊತ್ತಿತ್ತು.

ಇಲ್ಲೇ ಕೊಲ್ಲಿಯ ಆಚೆ ಓಕ್‌ಲ್ಯಾಂಡ್ ಸುತ್ತಮುತ್ತ 1959ರಿಂದ 1967ರವರೆಗೆ ಸುಮಾರು 15 ಸಾವಿರ ಬಸುರಿಯರ ರಕ್ತ ತೆಗೆದು ಶೈತ್ಯದಲ್ಲಿ ಇಟ್ಟಿದ್ದರು. ಅದು ಡಿಡಿಟಿ ಧಾರಾಳವಾಗಿ ಬಳಸುತ್ತಿದ್ದ ಕಾಲ. ಅಮೆರಿಕದಲ್ಲಿ ಅದಕ್ಕೆ ನಿಷೇಧ ಬಂದದ್ದು 1972ರಲ್ಲಿ. ದಶಕಗಳ ಮೇಲೆ ಬಾರ್ಬರಾ ಕೋನ್ ಮತ್ತು ಅವರ ಸಂಗಡಿಗರು ಆ ರಕ್ತವನ್ನು ತೆರೆದು ನೋಡಿದರು. ಹದಿನಾಲ್ಕು ವರ್ಷದೊಳಗೆ ಡಿಡಿಟಿಗೆ ಒಡ್ಡಿಕೊಂಡಿದ್ದು ರಕ್ತದಲ್ಲಿ ಅದು ಹೆಚ್ಚಿದ್ದವರಲ್ಲಿ ಐವತ್ತರೊಳಗೆ ಸ್ತನದ ಕ್ಯಾನ್ಸರಿನ ಅಪಾಯ ಐದು ಪಟ್ಟು ಎಂದು 2007ರಲ್ಲಿ, ಹೆಚ್ಚು ಡಿಡಿಟಿ ಇದ್ದ ತಾಯಂದಿರ ಹೆಣ್ಣುಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಎಂದು 2015ರಲ್ಲಿ ಬರೆದರು. 2021ರಲ್ಲಿ ಮೊಮ್ಮಕ್ಕಳ ಸರದಿ: ಬೊಜ್ಜು, ಬೇಗ ಮೈನೆರೆಯುವುದು. ಇವು ಸಂಬಂಧ ತೋರಿಸುವ ಲೆಕ್ಕಗಳು, ಇಂಥವಳಿಗೆ ಇಂಥದ್ದೇ ಆಗುತ್ತದೆ ಎನ್ನುವ ಕಣಿಯಲ್ಲ. ಅದನ್ನು ನಾನು ಮಗಳಿಗೂ ಹೇಳಿದೆ, ನನಗೂ ಹೇಳಿಕೊಂಡೆ.

ಯಾಕೆಂದರೆ ನಮ್ಮೂರಿನಲ್ಲಿ ಹೇನಿಗೆ ಔಷಧಿ ಡಿಡಿಟಿ ಪುಡಿ. ಶನಿವಾರ ರಾತ್ರಿ ಅಮ್ಮ ನನ್ನನ್ನೂ ಅಕ್ಕನನ್ನೂ ಹಿತ್ತಲ ಕಟ್ಟೆಯ ಮೇಲೆ ಕೂರಿಸಿ, ಬೈತಲೆ ಬೈತಲೆಗೆ ಪುಡಿ ಉದುರಿಸಿ, ಹಳೇ ಸೀರೆಯ ತುಂಡಿನಿಂದ ತಲೆ ಕಟ್ಟುತ್ತಿದ್ದಳು. ಬೆಳಿಗ್ಗೆ ಎದ್ದಾಗ ದಿಂಬೆಲ್ಲ ಬೆಳ್ಳಗೆ. ಮಲೇರಿಯಾದವರು ಬಂದು ಗೋಡೆಗೆ ಹೊಡೆದು, ಬಾಗಿಲ ಪಕ್ಕ ತಾರೀಖು ಬರೆದು ಹೋಗುತ್ತಿದ್ದದ್ದೂ ಅದೇ. ಅಕ್ಕಿ ಡಬ್ಬದ ಸುತ್ತ ಇರುವೆಗೆ ಗ್ಯಾಮಾಕ್ಸಿನ್. ಅಮ್ಮ ಬರಿಗೈಯಲ್ಲೇ ಹಾಕುತ್ತಿದ್ದಳು, ಆಮೇಲೆ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ಅವಳ ಮೈಗೆ ಏನಾಗುತ್ತಿತ್ತು, ಎರಡು ಬಸಿರು ಯಾಕೆ ನಿಲ್ಲಲಿಲ್ಲ ಎಂದು ಅವಳು ಅಂದುಕೊಂಡಿದ್ದಳು ಎನ್ನುವುದನ್ನು ನಾನು ಒಂದು ದಿನವೂ ಕೇಳಲಿಲ್ಲ. ಆ ಪುಡಿಗೂ ಅದಕ್ಕೂ ಸಂಬಂಧ ಇತ್ತೆಂದು ನಾನು ಹೇಳುತ್ತಿಲ್ಲ. ಕೇಳಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಎದ್ದು ಕೂತು, ಪಕ್ಕದಲ್ಲಿದ್ದ ನೋಟ್‌ಬುಕ್ ತೆಗೆದುಕೊಂಡು ಕೇಳಿದಳು.

"ಆಗ ನಿನಗೆ ಎಷ್ಟು ವರ್ಷ?"

"ಎಂಟೋ ಒಂಬತ್ತೋ."

"ಅಜ್ಜಿಗೆ?"

ಲೆಕ್ಕ ಹಾಕಿ ಹೇಳಿದೆ. ಬರೆದುಕೊಂಡಳು.

'ಹ್ಯಾವಿಂಗ್ ಫೇತ್' ಅವಳು ಓದಿ ಮುಗಿಸುವವರೆಗೆ ಯಾರಿಗೂ ಸಿಗುವುದಿಲ್ಲ, ಕ್ಷಮಿಸಿ. 'ಸ್ವರ್ಗ' ಮುಂದಿನ ಸಭೆಗೆ ತರುತ್ತೇನೆ. ಇಶಿಮುರೆಯದು ನನ್ನಲ್ಲಿ ಒಂದೇ ಪ್ರತಿ ಇದೆ. ಬೇಕಾದವರು ಮಿಂಚಂಚೆ ಕಳಿಸಿ, ಸರದಿಯಂತೆ ಕೊಡುತ್ತೇನೆ. ಮೊದಲ ಸರದಿ ಆ ಹಿರಿಯರದು.